ಗಾಡಿಯೇ ಮನೆ, ಗದಗ ಜಿಲ್ಲೆಯೇ ಅಂಗಳ

ಫ್ರಾನ್ಸ್ ದೇಶದಲ್ಲಿ ಹಳೇ ಸರಕು ದೋಣಿಗಳನ್ನೇ ಮನೆ ಮಾಡಿಕೊಂಡು ಬದುಕುವವರಿದ್ದಾರೆ. ಒಂದು ಕಾಲಕ್ಕೆ ಕಲ್ಲಿದ್ದಲು, ಗೋಧಿ, ಮರಳು ಹೊರುತ್ತಿದ್ದ ದೋಣಿಗಳವು. ಅಲ್ಲಿ ಅವಕ್ಕೆ ‘ಪೆನಿಶ್’ ಅಂತಾರೆ. 1879ರಲ್ಲಿ ಫ್ರೆಸಿನೆ ಎಂಬ ಮಂತ್ರಿ ಮುಖ್ಯ ಕಾಲುವೆಗಳ ಲಾಕ್‌ಗಳಿಗೆಲ್ಲ, ಅಂದರೆ ದೋಣಿಯನ್ನು ನೀರಿನ ಜೊತೆಗೇ ಮೇಲೆತ್ತಿ ಕೆಳಗಿಳಿಸುವ ಕಟ್ಟೆಗಳಿಗೆಲ್ಲ, ಒಂದೇ ಅಳತೆ ಗೊತ್ತುಮಾಡಿದ. 39 ಮೀಟರ್ ಉದ್ದ, 5.2 ಮೀಟರ್ ಅಗಲ. ದೋಣಿಗಳೂ ಅದರೊಳಗೆ ಹಿಡಿಸುವಂತೆ 38.5 ಮೀಟರಿಗೆ ನಿಂತವು. ಲಾರಿ, ರೈಲು ಬಂದು ಸರಕನ್ನೆಲ್ಲ ಕಸಿದುಕೊಂಡ ಮೇಲೆ ಖಾಲಿ ಬಿದ್ದ ದೋಣಿಗಳ ಹೊಟ್ಟೆಯೊಳಗೆ ಜನ ಮಂಚ, ಒಲೆ, ಪುಸ್ತಕದ ಕಪಾಟು ಇಟ್ಟುಕೊಂಡರು. ಕಾಲುವೆಯಲ್ಲಿ ಗಂಟೆಗೆ ಆರೆಂಟು ಕಿಲೋಮೀಟರ್ ವೇಗ. ದಂಡೆಯ ಮೇಲೆ ಸೈಕಲ್ ತುಳಿಯುವವರೇ ಇವರನ್ನು ಹಿಂದೆ ಹಾಕಿ ಹೋಗುತ್ತಾರೆ.

ಇಂಥವರ ವಿಡಿಯೋಗಳನ್ನು ರಾತ್ರಿ ಹನ್ನೊಂದರ ಮೇಲೆ, ಅಮೆರಿಕದ ಟೀಮ್ ಜೊತೆಗಿನ ಕಾಲ್ ಮುಗಿಸಿ ನೋಡುವುದು ನನ್ನ ಚಟ. ಅಕ್ಟೋಬರಿನಲ್ಲಿ ಅಲ್ಲಿ ದ್ರಾಕ್ಷಿ ತೋಟ ಕೆಂಪಾಗುತ್ತದೆ, ಬೆಳಿಗ್ಗೆ ನೀರಿನ ಮೇಲೆ ಮಂಜು ನಿಲ್ಲುತ್ತದೆ. ಅದೇ ಅಕ್ಟೋಬರಿನಲ್ಲಿ ನಮ್ಮ ಗದಗ ಜಿಲ್ಲೆಯಲ್ಲಿ ಏನಾಗುತ್ತದೆ? ಹುಟ್ಟಿ ಹದಿನೆಂಟು ವರ್ಷ ಅಲ್ಲೇ ಬೆಳೆದರೂ ಥಟ್ಟನೆ ಹೇಳಲು ಬರಲಿಲ್ಲ. ಇಂಜಿನಿಯರಿಂಗ್‌ಗೆ ಅಂತ ಬಿಟ್ಟ ಊರಿಗೆ ಹಬ್ಬಕ್ಕೆ ಹೋಗುತ್ತೇನೆ, ಮದುವೆಗೆ ಹೋಗುತ್ತೇನೆ. ಬಸ್ ಇಳಿದು ಮನೆ, ಮನೆಯಿಂದ ಮತ್ತೆ ಬಸ್.

ಬಯಲುಸೀಮೆಯಲ್ಲಿ ದೋಣಿಮನೆಗೆ ಕಾಲುವೆ ಎಲ್ಲಿಂದ ತರೋದು? ಆದರೆ ಸರಕಿನ ಗಾಡಿಗೇನೂ ಬರವಿಲ್ಲವಲ್ಲ!

ಒಂಬತ್ತಡಿ ಉದ್ದದ ಮನೆ

ಬೆಟಗೇರಿಯಲ್ಲಿರುವ ನಮ್ಮ ಚಿಗವ್ವನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಪಿಕಪ್ ಗಾಡಿ ಇಟ್ಟುಕೊಂಡಿದ್ದಾನೆ. ಮಗ್ಗದ ಸೀರೆ ಗಂಟು, ಉಳ್ಳಾಗಡ್ಡಿ ಚೀಲ, ಮದುವೆ ಪೆಂಡಾಲಿನ ಸಾಮಾನು, ಏನು ಸಿಕ್ಕರೂ ಹೊರುವ ಗಾಡಿ. ಹಿಂದಿನ ತೊಟ್ಟಿ ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲ. ಎಂಟು ದಿನಕ್ಕೆ ಗಾಡಿಯೂ ಬೇಕು, ನೀನೂ ಬೇಕು ಅಂದೆ. ‘ಬಾಡಿಗಿ ಕೊಟ್ರ ಬರ್ತೀನಿ. ಆದ್ರ ಅಡಗಿ ನೀನ ಮಾಡಬೇಕ್ ನೋಡಪಾ’ ಅಂದ.

ಗಾಡಿಯ ಬಾಡಿಗೆ ನಾವು ಕೈ ಹಚ್ಚಲಿಲ್ಲ. ಗಾಡಿಯ ರೂಪ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು. ಹಾಗಾಗಿ ಬೇಕಾದಾಗ ಇಳಿಸಬಹುದಾದ ಎರಡು ಹಲಗೆ ಮಂಚ, ಮೇಲೆ ತಾಡಪತ್ರಿ, ಇಪ್ಪತ್ತು ಲೀಟರಿನ ನೀರಿನ ಎರಡು ಕ್ಯಾನ್, ಸಣ್ಣ ಸಿಲಿಂಡರಿನ ಒಲೆ, ಬ್ಯಾಟರಿ ದೀಪ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಗಾಡಿ ಓಡುವಾಗ ಇಬ್ಬರೂ ಮುಂದೆ ಕ್ಯಾಬಿನ್ನಿನಲ್ಲಿ, ನಿಂತ ಮೇಲೆ ಹಿಂದೆ ಮನೆಯಲ್ಲಿ. ದಿನಕ್ಕೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದು ಎಂಬುದೊಂದೇ ಕಾಯ್ದೆ.

ಹೊರಡಲು ಇನ್ನೊಂದು ಕಾರಣವೂ ಇತ್ತು. ಮುಂಡರಗಿ ತಾಲೂಕಿನಲ್ಲಿ ನಮ್ಮದು ಆರು ಎಕರೆ ಎರಿ ಹೊಲ. ಅಪ್ಪನ ಮೊಣಕಾಲು ಸೋತ ಮೇಲೆ ಲಾವಣಿಗೆ ಕೊಟ್ಟಿದ್ದೇವೆ. ಈ ವರ್ಷ ಅದಕ್ಕೆ ಒಳ್ಳೇ ಬೆಲೆಗೆ ಗಿರಾಕಿ ಬಂದಿದ್ದರು. ನನ್ನ ಪಾಲಿನಲ್ಲಿ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಡೌನ್ ಪೇಮೆಂಟ್ ಸರಿಯಾಗಿ ಆಗುತ್ತಿತ್ತು. ಹುಬ್ಬಳ್ಳಿಯ ಅಕ್ಕನಿಗೆ ಮಗಳ ಕಾಲೇಜು ಫೀ ಕಟ್ಟುವುದಿತ್ತು. ಅಪ್ಪ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ‘ಶೀಗಿ ಹುಣ್ಣಿವಿಗೆ ಬಾ. ಹೊಲದ ನಾಕೂ ಬದು ತಿರಗಿ ನೋಡು. ಆಮ್ಯಾಲೆ ಹೇಳು’ ಅಂದಿದ್ದರು. ಆ ಸಲ ಹುಣ್ಣಿಮೆ ಅಕ್ಟೋಬರ್ ಕೊನೆಗೆ ಬಿದ್ದಿತ್ತು. ಅಷ್ಟರೊಳಗೆ ಮುಂಡರಗಿ ಸೇರಿದರಾಯಿತು ಅಂತ ನಾವು ನೇರ ರಸ್ತೆ ಬಿಟ್ಟು ಸುತ್ತು ಹಾದಿ ಹಿಡಿದೆವು.

ಮಾಗಡಿ ಕೆರೆ: ಅತಿಥಿಗಳಿಗಿಂತ ಮೊದಲು

ಗದಗ ದಾಟಿದರೆ ಅಕ್ಟೋಬರಿನ ಬಣ್ಣ ಶುರು. ಫ್ರಾನ್ಸಿನ ಹಾಗೆ ಎಲೆ ಕೆಂಪಾಗುವುದಿಲ್ಲ ಇಲ್ಲಿ, ನೆಲವೇ ಬಣ್ಣ ಬದಲಿಸುತ್ತದೆ. ಒಂದು ಹೊಲ ಸೂರ್ಯಕಾಂತಿ ಹಳದಿ, ಪಕ್ಕದ್ದು ಹಣ್ಣು ಮೆಣಸಿನಕಾಯಿ ಕೆಂಪು, ಅದರಾಚೆ ಹಿಂಗಾರಿ ಬಿತ್ತನೆಗೆ ಹರಗಿ ಬಿಟ್ಟ ಕಪ್ಪು. ರಸ್ತೆ ಬದಿಯಲ್ಲಿ ಉಳ್ಳಾಗಡ್ಡಿ ರಾಶಿ, ಅದರ ಸುತ್ತ ಕುಡಗೋಲು ಹಿಡಿದು ದಂಟು ಕೊಯ್ಯುತ್ತ ಕೂತ ಹೆಣ್ಣುಮಕ್ಕಳು. ಕಿಟಕಿ ಇಳಿಸಿದರೆ ವಾಸನೆಯಿಂದಲೇ ಯಾವ ಬೆಳೆ ಅಂತ ಗೊತ್ತಾಗುತ್ತಿತ್ತು. ಎಂಬತ್ತರ ವೇಗದಲ್ಲಿ ಹೋದರೆ ಇದೆಲ್ಲ ಒಂದೇ ಧೂಳು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಅದರರ್ಥ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವಿಡೀ ಇಲ್ಲಿ ತಂಗುತ್ತವೆ. ನಾವು ಹೋದಾಗ ಅವಿನ್ನೂ ಬಂದಿರಲಿಲ್ಲ. ದನ ಮೇಯಿಸುತ್ತಿದ್ದ ಅಜ್ಜ, ‘ಹದಿನೈದ್ ದಿನ ಮುಂಚೇಕ ಬಂದೀರಿ ನೀವು. ಅವು ದೀಪಾವಳಿ ಮುಗೀಲಿ ಅಂತಾವ’ ಎಂದು ನಕ್ಕ.

ಆದರೂ ಅಲ್ಲಿ ಎರಡು ರಾತ್ರಿ ಉಳಿದೆವು. ಕೆರೆಯ ಬದಿಯಲ್ಲ, ಊರಿನ ಹತ್ತಿರ ಒಬ್ಬರ ಕಣದಲ್ಲಿ, ಕೇಳಿಕೊಂಡು. ಬೆಳಿಗ್ಗೆ ಕೊಕ್ಕರೆಗಳು, ನೀರುಕಾಗೆಗಳು. ಹೆಬ್ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಇಳಿದು ಕಿತ್ತುಳಿದ ಶೇಂಗಾ, ಎಳೇ ಕಡಲೆ ತಿನ್ನುತ್ತವಂತೆ. ‘ಲುಕ್ಸಾನ ಆಗಂಗಿಲ್ಲೇನ್ರೀ?’ ಅಂದರೆ ಕಣದ ಯಜಮಾನರು, ‘ಆಗ್ತದ. ಏನ್ಮಾಡೂದು, ಅಷ್ಟ್ ದೂರದಿಂದ ಬಂದಿರ್ತಾವ’ ಅಂದರು. ರಾಮ್ಸರ್ ಫಲಕದಲ್ಲಿ ಬರೆಯದ ಸಂರಕ್ಷಣೆ ಇದು.

ಪುಲಿಗೆರೆಯ ಕನ್ನಡ, ಶಿರಹಟ್ಟಿಯ ಫಕೀರ

ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತಿರುಳುಗನ್ನಡದ ನಾಡು ಅಂತ ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಿನ ಪ್ರದೇಶವನ್ನು. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಸೀಮೆಯ ಒಕ್ಕುಂದ. ಸಿನಿಮಾದಲ್ಲಿ ನಗಿಸಲಿಕ್ಕೆ ಬಳಸುವ ನಮ್ಮ ಮಾತು ಸಾವಿರದ ನೂರೈವತ್ತು ವರ್ಷದ ಹಿಂದೆ ಮಾದರಿ ಕನ್ನಡವಾಗಿತ್ತು! ಬೆಂಗಳೂರಿನ ಆಫೀಸಿನಲ್ಲಿ ‘ಹೋಗ್ತೀನ್ರೀ, ಬರ್ತೀನ್ರೀ’ ಅಂದಾಗ ನಗುವ ಗೆಳೆಯರಿಗೆ ಸೋಮೇಶ್ವರ ಗುಡಿಯ ಅಂಗಳದಿಂದಲೇ ಒಂದು ಫೋಟೋ ಕಳಿಸಿದೆ.

ಗುಡಿಯೊಳಗೆ ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಲಿಂಗವೇ ಇರುತ್ತದೆ ಅಂದುಕೊಂಡು ಒಳಗೆ ಹೋದವರಿಗೆ ಅಚ್ಚರಿ. ಸೌರಾಷ್ಟ್ರದಿಂದ ಆದಯ್ಯ ಎಂಬ ಶರಣ ಸೋಮನಾಥನನ್ನು ಇಲ್ಲಿಗೆ ತಂದ ಎಂಬುದು ನಂಬಿಕೆ. ಅದೇ ಊರಿನಲ್ಲಿ ಜೈನರ ಶಂಖ ಬಸದಿ, ಆದಿಲ್‌ಶಾಹಿ ಕಾಲದಲ್ಲಿ ಅಂಕುಶ್ ಖಾನ್ 1617ರಲ್ಲಿ ಕಟ್ಟಿಸಿದ ಮಸೀದಿ. ಮೂರನ್ನೂ ನಡೆದೇ ನೋಡಬಹುದು. ಸಂಜೆ ಪೇಟೆಯಲ್ಲಿ ಗಿರ್ಮಿಟ್ ಮತ್ತು ಮಿರ್ಚಿ. ಅಡುಗೆ ನನ್ನ ಪಾಲಿಗೆ ಬಂದಿದ್ದರಿಂದ ಇಂಥ ಊಟಗಳಿಗೆ ಅಣ್ಣ ಬಹಳ ಉತ್ಸಾಹ ತೋರಿಸುತ್ತಿದ್ದ.

ಶಿರಹಟ್ಟಿ ಇಲ್ಲಿಂದ ಹತ್ತಿರ. ಅಲ್ಲಿನ ಮಠದ ಹೆಸರಿನಲ್ಲೇ ಫಕೀರನಿದ್ದಾನೆ: ಫಕೀರೇಶ್ವರ ಮಠ. ಅದರ ಮೂಲ ಪುರುಷರು ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಶಿಷ್ಯರಾಗಿದ್ದರು ಎಂಬ ಪರಂಪರೆ ಇದೆ. ಇಂದಿಗೂ ಎರಡೂ ಸಮುದಾಯದವರು ಗದ್ದುಗೆಗೆ ಬಂದು ಸಕ್ಕರೆ ಹಂಚುತ್ತಾರೆ. ಮಠದ ಎದುರಿನ ಮರದಡಿ ನಮ್ಮ ಗಾಡಿ ನಿಲ್ಲಿಸಿದಾಗ ಅಕ್ಕಪಕ್ಕದವರು ಕೇಳಿದ್ದು ಜಾತಿಯಲ್ಲ, ಮತವಲ್ಲ. ‘ಏನ್ ಮಾರಾಕ್ ಬಂದೀರಿ?’ ಸರಕಿನ ಗಾಡಿಯಲ್ಲಿ ಬಂದವರು ಏನೋ ಮಾರಲೇಬೇಕು ತಾನೆ! ಏನೂ ಮಾರುವುದಿಲ್ಲ, ಸುಮ್ಮನೆ ತಿರುಗುತ್ತೇವೆ ಅಂದರೆ ಯಾರೂ ನಂಬಲಿಲ್ಲ.

ಕಪ್ಪತಗುಡ್ಡದ ಕೆಳಗೆ ಚಕ್ರವಿಲ್ಲದ ಮನೆಗಳು

ನಂಬುವವರು ಮರುದಿನ ಸಿಕ್ಕರು. ಕಪ್ಪತಗುಡ್ಡದ ಅಡಿಯಲ್ಲಿ, ಡೋಣಿಗೆ ಹೋಗುವ ಹಾದಿಯಲ್ಲಿ ಕುರಿ ಹಟ್ಟಿ ಹಾಕಿದ್ದ ಕುರುಬರ ಎರಡು ಕುಟುಂಬ. ಮುನ್ನೂರಕ್ಕೂ ಮಿಕ್ಕಿ ಕುರಿ, ಎರಡು ನಾಯಿ, ಸಂಸಾರ ಹೊರಲು ಒಂದು ಕುದುರೆ. ಬಲೆಯ ಬೇಲಿಯೊಳಗೆ ಮರಿಗಳು, ಕಂಬಳಿಯ ಗೂಡಿನೊಳಗೆ ಮಕ್ಕಳು. ಮುಂಗಾರಿ ಬೆಳೆ ಬಂದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಳ ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ಕಾಳು ಇಲ್ಲವೇ ರೊಕ್ಕ ಕೊಡುತ್ತಾರೆ. ಮೂರು ದಿನಕ್ಕೊಮ್ಮೆ ಹೊಲ ಬದಲು.

ನಮ್ಮ ಮಂಚ, ಒಲೆ ನೋಡಿ ಹಿರಿಯರು ತಲೆದೂಗಿದರು. ‘ಚಲೋ ಐತಿ. ಆದ್ರ ಇಷ್ಟ್ ಸಾಮಾನ ಯಾಕ?’ ಅಂದರು. ಅವರ ಮನೆಯೆಲ್ಲ ಒಂದು ಕುದುರೆಯ ಬೆನ್ನಿಗೆ ಹಿಡಿಸುತ್ತಿತ್ತು. ಫ್ರಾನ್ಸಿನಲ್ಲಿ ಚಲಿಸುವ ಮನೆ ಹವ್ಯಾಸ, ಇಲ್ಲಿ ಅದು ದುಡಿಮೆ. ಮಳೆ ಬಂದ ರಾತ್ರಿ ಅವರ ಕಂಬಳಿಯೊಳಗೆ ಏನಿರುತ್ತದೆ ಎಂದು ತಾಡಪತ್ರಿಯ ಕೆಳಗೆ ಮಲಗಿದ ನನಗೆ ಹೊಳೆಯಿತು. ಮರುದಿನ ಅವರು ಕೊಟ್ಟ ಕುರಿ ಹಾಲಿನ ಚಹಾ ಕುಡಿದೆವು. ನಮ್ಮ ಕಡೆಯಿಂದ ಅವ್ವನ ಖಡಕ್ ರೊಟ್ಟಿ ಅರ್ಧ ಅವರ ಹಟ್ಟಿಗೆ ಹೋಯಿತು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ತೋಳ, ಕತ್ತೆಕಿರುಬ, ಚಿರತೆ ಇರುವ ಕುರುಚಲು ಕಾಡು. ಔಷಧಿ ಸಸ್ಯಗಳಿಗಂತೂ ಮೊದಲಿನಿಂದ ಹೆಸರುವಾಸಿ. ಒಳಗೆ ಟೆಂಟ್, ಗಾಡಿ ಹಾಕಿ ಉಳಿಯುವಂತಿಲ್ಲ. ಅದು ಸರಿಯೂ ಹೌದು. 2015ರಲ್ಲಿ ಸಂರಕ್ಷಿತ ಪ್ರದೇಶವಾದದ್ದು 2016ರಲ್ಲಿ ರದ್ದಾಗಿ, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಜಾರಿಗೆ ಬಂತು. ಗುಡ್ಡದೊಳಗೆ ಚಿನ್ನವಿದೆ ಅನ್ನುವುದು ಬ್ರಿಟಿಷರ ಕಾಲದಿಂದ ಗೊತ್ತು. ಅದಕ್ಕೇ ಇಷ್ಟೆಲ್ಲ ಹಗ್ಗಜಗ್ಗಾಟ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು, ಬುಡದಲ್ಲಿ ಕುರಿಗಳ ಗಂಟೆ. ಅಕ್ಟೋಬರಿನ ಹುಲ್ಲು ಆಗಷ್ಟೇ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗಿತ್ತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಮೊದಲ ಒಂದು ತಾಸು ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು, ಆಮೇಲೆ ಬಿಟ್ಟಿತು.

ಡಂಬಳದಿಂದ ಹೊಳೆಯವರೆಗೆ

ಡಂಬಳದ ದೊಡ್ಡಬಸಪ್ಪ ಗುಡಿಯನ್ನು ಇಂಜಿನಿಯರುಗಳೆಲ್ಲ ಒಮ್ಮೆ ನೋಡಬೇಕು. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಾಕಾರದ ತಳಪಾಯ. ಚೌಕವೊಂದನ್ನು ಮಧ್ಯದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಬರುವ ಆಕಾರ. ತಳದಿಂದ ಶಿಖರದವರೆಗೆ ಒಂದು ಮೂಲೆಯೂ ತಪ್ಪಿಲ್ಲ. ಕಂಪ್ಯೂಟರಿನಲ್ಲಿ ಹತ್ತು ಸಾಲಿನ ಕೋಡ್ ಇದು, ಕಲ್ಲಿನಲ್ಲಿ ಎಷ್ಟು ಜನರ ಆಯುಷ್ಯವೋ. ಇದೇ ಊರಿನ 1095ರ ಶಾಸನದಲ್ಲಿ ಬೌದ್ಧರ ತಾರಾದೇವಿಯ ಪ್ರಸ್ತಾಪವೂ ಇದೆ.

ಅಲ್ಲಿಂದ ಮುಂಡರಗಿ, ಮುಂಡರಗಿಯಿಂದ ತುಂಗಭದ್ರೆ. ಹಮ್ಮಿಗಿ ಹತ್ತಿರದ ಬ್ಯಾರೇಜಿನ ಹಿಂದೆ ಹೊಳೆ ಸಮುದ್ರದಂತೆ ನಿಂತಿದೆ. ಸಿಂಗಟಾಲೂರು ಏತ ನೀರಾವರಿಯ ನೀರು ಅದು. ಸಂಜೆ ಮೀನುಗಾರರು ತೆಪ್ಪದಲ್ಲಿ ಬಲೆ ಬಿಡುತ್ತಿದ್ದರು. ದೋಣಿಮನೆ ಕಟ್ಟುವುದಾದರೆ ಇಲ್ಲೇ ಕಟ್ಟಬೇಕು ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಆ ನೀರಿನ ಕೆಳಗೆ ಆಗಲೇ ಮನೆಗಳಿವೆ. ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು. ಬೇರೆಯವರ ಹೊಲಕ್ಕೆ ನೀರು ಬರಲಿಕ್ಕೆ ಇವರು ಮನೆ ಕೊಟ್ಟರು.

ಈ ತಾಲೂಕಿಗೆ ನೆಲದ ಮಾತು ಹೊಸದಲ್ಲ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಮಡಿದರು. 2011ರಲ್ಲಿ ಹಳ್ಳಿಗುಡಿ ಸುತ್ತಲಿನ ಜಮೀನಿಗೆ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುವುದಿತ್ತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು, ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಆಗ ನಾನು ಹುಡುಗ. ಕಾರ್ಖಾನೆ ಬಂದರೆ ನೌಕರಿ ಸಿಗುತ್ತದೆ ಅನ್ನುವವರೂ ಊರಲ್ಲಿದ್ದರು, ಎರಿ ಮಣ್ಣು ಮತ್ತೆ ಹುಟ್ಟುವುದಿಲ್ಲ ಅನ್ನುವವರೂ ಇದ್ದರು. ಎರಡೂ ಮಾತು ಇವತ್ತಿಗೂ ಸುಳ್ಳಲ್ಲ.

ನಾಲ್ಕೂ ಬದು

ಶೀಗಿ ಹುಣ್ಣಿಮೆ ಅಂದರೆ ಬಸುರಿ ಭೂಮಿತಾಯಿಗೆ ಬಯಕೆ ಊಟ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಬುತ್ತಿ ಅನ್ನ. ಅಪ್ಪ, ಅವ್ವ, ಹುಬ್ಬಳ್ಳಿಯಿಂದ ಅಕ್ಕ ಮತ್ತು ಸೊಸಿ, ಲಾವಣಿ ಹಿಡಿದವರ ಮನೆಮಂದಿ ಎಲ್ಲ ಹೊಲಕ್ಕೆ ಬಂದಿದ್ದರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರ ಪೂಜೆ. ಆಮೇಲೆ ಹೊಲದ ತುಂಬ ಚರಗ ಚೆಲ್ಲಬೇಕು. ಪ್ರತಿ ವರ್ಷ ಅಪ್ಪನೇ ಚೆಲ್ಲುತ್ತಿದ್ದರು. ಈ ಸಲ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಬನ್ನಿ ಗಿಡಕ್ಕೆ ಒರಗಿ ಕೂತರು.

ಚರಗ ಚೆಲ್ಲುತ್ತ ನಾಲ್ಕೂ ಬದು ತಿರುಗಿದೆ. ರಸ್ತೆಗೆ ಹತ್ತಿದ ಎರಡು ಎಕರೆ ಸಮತಟ್ಟು. ಗಿರಾಕಿಯ ಕಣ್ಣು ಅಲ್ಲೇ ಇತ್ತು. ಕೆಳಗಿನ ನಾಲ್ಕು ಎಕರೆ ಆಳದ ಕರಿ ಮಣ್ಣು, ಕಡಲೆ ಮೊಳಕೆ ಆಗಷ್ಟೇ ತಲೆ ಎತ್ತಿತ್ತು. ಮೂಡಣ ದಿಕ್ಕಿನ ಒಡ್ಡು ಮಳೆಗೆ ಒಡೆದು, ಮಣ್ಣು ಹಳ್ಳಕ್ಕೆ ಹೋಗಿತ್ತು. ಇದನ್ನು ಅಪ್ಪ ಫೋನಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ನಾನು ದುಡ್ಡು ಕಳಿಸುತ್ತೇನೆ ಅಂತ, ಅಷ್ಟೇ.

ಊಟದ ಮೇಲೆ ಲೆಕ್ಕಕ್ಕೆ ಕೂತೆವು. ಎಕರೆಗೆ ಹನ್ನೆರಡು ಸಾವಿರದಂತೆ ವರ್ಷಕ್ಕೆ 72,000 ರೂಪಾಯಿ ಲಾವಣಿ. ತಿಂಗಳಿಗೆ ಆರು ಸಾವಿರ. ಬೆಂಗಳೂರಿನ ನನ್ನ ಮನೆ ಬಾಡಿಗೆಯ ಕಾಲು ಭಾಗವೂ ಅಲ್ಲ. ಲೆಕ್ಕ ಮಾತ್ರ ನೋಡಿದರೆ ಮಾರುವುದೇ ಸರಿ. ‘ನಿನಗ ಫ್ಲ್ಯಾಟ್ ಬೇಕಂದ್ರ ಮಾರೂಣು. ನಾ ಏನೂ ಅನ್ನಂಗಿಲ್ಲ’ ಅಂದರು ಅಪ್ಪ. ಅಕ್ಕ ನೇರವಾಗಿಯೇ ಮಾತಾಡಿದಳು. ‘ನೀವಿಬ್ರೂ ಹೊಲಾ ಹೊಲಾ ಅಂತ ಕುಂತ್ರ ನನ್ನ ಮಗಳ ಫೀ ಕಟ್ಟೋರ್ ಯಾರು? ನನಗೂ ಇದರಾಗ ಪಾಲ ಐತೆಲ್ಲ?’ ಐತೆಲ್ಲ ಅಲ್ಲ, ಖಂಡಿತ ಐತಿ. 2005ರ ಕಾಯ್ದೆ ತಿದ್ದುಪಡಿ ಹೇಳುವುದೂ ಅದನ್ನೇ. ಮೂವರಿಗೆ ಆರು ಎಕರೆ, ಅವಳಿಗೆ ಎರಡು.

ಅಲ್ಲೇ ತೀರ್ಮಾನವಾಯಿತು. ರಸ್ತೆ ಕಡೆಯ ಎರಡು ಎಕರೆ ಅಕ್ಕನ ಪಾಲು, ಅದನ್ನು ಮಾರುವುದು. ಕೆಳಗಿನ ನಾಲ್ಕು ಎಕರೆ ಉಳಿಸಿಕೊಳ್ಳುವುದು. ಫ್ಲ್ಯಾಟಿನ ಆಸೆ ಎರಡು-ಮೂರು ವರ್ಷ ಮುಂದಕ್ಕೆ ಹೋಯಿತು. ಅದಕ್ಕೆ ಅಂತ ಕೂಡಿಟ್ಟದ್ದರಲ್ಲಿ ಸ್ವಲ್ಪ ತೆಗೆದು ಒಡ್ಡು ಕಟ್ಟಿಸುವುದು, ಕೃಷಿ ಹೊಂಡ ತೋಡಿಸುವುದು. ಲಾವಣಿ ಹಿಡಿದವರ ಮುಖ ಸ್ವಲ್ಪ ಸಡಿಲವಾಯಿತು. ಅವರ ಮನೆಯ ಐದು ಜನರ ವರ್ಷವೂ ಆ ಬನ್ನಿ ಗಿಡದ ಕೆಳಗೆ ನಿರ್ಧಾರವಾಗುತ್ತಿತ್ತು. ಎರಡು ಎಕರೆ ಕೈಬಿಡುತ್ತದಲ್ಲ ಅಂತ ಅವರಿಗೂ ನೋವಿದೆ, ಅಪ್ಪನಿಗೂ ಇದೆ. ಎಲ್ಲರಿಗೂ ಸಂತೋಷವಾಗುವ ಪಾಲು ಯಾವ ಹೊಲದಲ್ಲೂ ಇಲ್ಲ.

ನೀವೂ ಹೊರಡುವುದಾದರೆ

ಅಕ್ಟೋಬರ್ ಕೊನೆಯಿಂದ ನವೆಂಬರ್ ಸರಿಯಾದ ಕಾಲ. ಹೆಬ್ಬಾತು ನೋಡಲೇಬೇಕೆಂದರೆ ಡಿಸೆಂಬರ್, ಜನವರಿ. ಗಾಡಿ ಇಲ್ಲದಿದ್ದರೂ ಚಿಂತೆಯಿಲ್ಲ, ಗದಗ ಅಥವಾ ಲಕ್ಷ್ಮೇಶ್ವರದಲ್ಲಿ ಉಳಿದು ಕೆಂಪು ಬಸ್ಸಿನಲ್ಲಿ ಎಲ್ಲವನ್ನೂ ನೋಡಬಹುದು. ಗಾಡಿ ಒಯ್ದರೆ ಯಾರದೇ ಕಣ, ಹೊಲದಲ್ಲಿ ಕೇಳದೆ ನಿಲ್ಲಿಸಬೇಡಿ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ, ಊಟಕ್ಕೆ ಕರೆಯುವವರೇ ಹೆಚ್ಚು. ನೀರು ನೀವೇ ಒಯ್ಯಿರಿ. ಬೇಸಿಗೆ ಬಂದರೆ ಈ ಊರುಗಳಲ್ಲಿ ಒಂದು ಕೊಡ ನೀರಿಗೂ ಲೆಕ್ಕ. ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ. ಎಲ್ಲಕ್ಕಿಂತ ಮುಖ್ಯ, ನಿಧಾನ ಹೋಗಿ. ಎಂಟು ದಿನದಲ್ಲಿ ನಾವು ಓಡಿಸಿದ್ದು ಇನ್ನೂರು ಕಿಲೋಮೀಟರೂ ಅಲ್ಲ. ಬೆಂಗಳೂರಿನಲ್ಲಿ ಒಂದು ವಾರಕ್ಕೆ ಆಫೀಸಿಗೆ ಹೋಗಿ ಬರುವಷ್ಟು ದೂರ.

ಒಡ್ಡಿನ ಕೆಲಸ ಮುಗಿದಿದೆ. ಈಗ ಭಾನುವಾರ ಅಪ್ಪನ ಫೋನ್ ಬಂದರೆ ‘ಊಟ ಆತೇನು’ ಅಂತ ಇಬ್ಬರೂ ಕೇಳಿ ಇಟ್ಟುಬಿಡುವುದಿಲ್ಲ. ಮೂಡಣ ಮೂಲೆಯಲ್ಲಿ ಕಡಲೆ ಸ್ವಲ್ಪ ತೆಳುವಾಗಿದೆಯಂತೆ, ಉಳಿದದ್ದು ಹೂ ಹಿಡಿದಿದೆಯಂತೆ. ಕುರಿಯವರು ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಮೂರು ರಾತ್ರಿ ಹಟ್ಟಿ ಹಾಕಲು ಒಪ್ಪಿದ್ದಾರಂತೆ. ಎಷ್ಟು ಕಾಳು ಕೊಡಬೇಕು ಅಂತ ಅಪ್ಪ ನನ್ನನ್ನು ಕೇಳುತ್ತಾರೆ.